ಹೆಸರು ಕೇಳುವ ಅಧಿಕಾರ ಯಾರು ಕೊಟ್ಟರು?

ಉಡುಪಿ ಹತ್ತಿರದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು:

"ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಹೊತ್ತು ಏಳೆಂಟು ಹುಡುಗರು ಶಾಲು ಹಾಕಿಕೊಂಡು ನಿಲ್ಲುತ್ತಾರೆ. ಬೀಚ್ ಕಡೆಗೂ ಒಂದು ಸುತ್ತು ಹೋಗಿ ಬರುತ್ತಾರೆ. ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಒಟ್ಟಿಗೆ ಕಂಡರೆ ನಿಲ್ಲಿಸಿ ಹೆಸರು, ಊರು ಕೇಳುತ್ತಾರೆ. ಹುಡುಗಿಯ ಮನೆಗೆ ಫೋನ್ ಮಾಡುತ್ತಾರೆ. ಯಾರ ಮೇಲೂ ಕೈ ಮಾಡುವುದಿಲ್ಲ. ನನಗೂ ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಇಂಥ ಹುಡುಗರಿದ್ದಾರೆ ಎಂಬುದೇ ನನಗೆ ಧೈರ್ಯ. ಇದರಲ್ಲಿ ಅಪರಾಧ ಯಾವುದು? ಪೊಲೀಸರು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ನೀವು ಪತ್ರಿಕೆಯವರು ಅನೈತಿಕ ಪೊಲೀಸ್‌ಗಿರಿ ಎಂದು ಬರೆದುಬಿಡುತ್ತೀರಿ. ತಂದೆ ತಾಯಿಯ ಹೆದರಿಕೆ ನಿಮಗೆ ಕಾಣುವುದಿಲ್ಲ. ಅದೂ ಒಂದೇ ಕಡೆಯವರ ತಪ್ಪು ಬರೆಯುತ್ತೀರಿ."

ನಮಸ್ಕಾರ.

ನಿಮ್ಮ ಹೆದರಿಕೆ ಕಾಣುತ್ತದೆ. ಮಗಳು ಹೇಳಿದ ಬಸ್ಸಿಗೆ ಬಾರದಿದ್ದರೆ ಗೇಟಿನ ಹತ್ತಿರ ನಿಂತು ಕಾಯುವ ತಂದೆಯ ಸಂಕಟ ಸುಳ್ಳಲ್ಲ. ಆದರೆ ನೀವು ನೇರವಾಗಿ ಒಂದು ಪ್ರಶ್ನೆ ಕೇಳಿದ್ದೀರಿ. ಕೈ ಮಾಡದಿದ್ದರೆ ಅಪರಾಧ ಎಲ್ಲಿಂದ ಬಂತು ಎಂದು. ಅಲ್ಲಿಂದಲೇ ಶುರು ಮಾಡುತ್ತೇನೆ.

ಒಬ್ಬರು ಹೋಗುವ ದಾರಿಗೆ ಅಡ್ಡ ನಿಂತು ಮುಂದೆ ಹೋಗಲು ಬಿಡದಿದ್ದರೆ ಅದೇ ಅಪರಾಧ. ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 126ನೇ ಸೆಕ್ಷನ್. ಅದಕ್ಕೆ ಹೊಡೆಯಬೇಕಾಗಿಲ್ಲ, ಬೈಕ್ ತಡೆದು ನಿಲ್ಲಿಸಿಕೊಂಡರೂ ಸಾಕು. ಮನೆಯವರು ಬರುವ ತನಕ ಇಲ್ಲೇ ಕೂತಿರು ಎಂದು ಸುತ್ತುಗಟ್ಟಿದರೆ 127, ಅಂದರೆ ಅಕ್ರಮ ಬಂಧನ. ಮರ್ಯಾದೆ ತೆಗೆಯುತ್ತೇವೆ ಎಂದು ಹೆದರಿಸಿದರೆ 351. ಹುಡುಗಿಯ ವಿಡಿಯೊ ಮಾಡಿ, ಅವಳ ಮಾನ ಕಳೆಯುವ ಮಾತು ಸೇರಿಸಿ ವಾಟ್ಸಾಪಿನಲ್ಲಿ ಹರಿಬಿಟ್ಟರೆ 79ರ ಕೆಳಗೆ ಮೂರು ವರ್ಷದವರೆಗೂ ಜೈಲಾಗಬಹುದು. ಇಂಥ ಕೆಲಸಕ್ಕೆಂದೇ ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಿದ್ದರೆ ಅದು ಅಕ್ರಮ ಕೂಟ. ಉದ್ದೇಶ ಗೊತ್ತಿದ್ದೂ ಜೊತೆಗಿದ್ದವನು "ನಾನು ಮುಟ್ಟಲೇ ಇಲ್ಲ" ಎಂದು ತಪ್ಪಿಸಿಕೊಳ್ಳುವ ಹಾಗಿಲ್ಲ. ನಿಮ್ಮೂರಿನಲ್ಲಿ ಏಳೆಂಟು ಮಂದಿ ಇದ್ದಾರೆ ಎಂದು ನೀವೇ ಬರೆದಿದ್ದೀರಿ.

ಸಾರ್ವಜನಿಕರೂ ಆರೋಪಿಯನ್ನು ಹಿಡಿಯಬಹುದಲ್ವಾ ಎಂದು ಕೆಲವರು ಕೇಳುತ್ತಾರೆ. ಹಿಡಿಯಬಹುದು. ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಅವನು ಘೋಷಿತ ಅಪರಾಧಿ ಆಗಿರಬೇಕು. ಇಲ್ಲವೇ ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ಸಿಗದಂಥ ಅಪರಾಧ ಕಣ್ಣೆದುರೇ ನಡೆದಿರಬೇಕು. ಹಿಡಿದವನನ್ನು ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ವಯಸ್ಸಿಗೆ ಬಂದ ಇಬ್ಬರು ಮಲ್ಪೆ ಬೀಚಿನಲ್ಲಿ ಕೂತು ಚುರುಮುರಿ ತಿನ್ನುವುದು ಯಾವ ಸೆಕ್ಷನ್ನಿನಲ್ಲೂ ಅಪರಾಧವಲ್ಲ. ಮದುವೆಯೇ ಆಗುತ್ತೇವೆ ಎಂದರೂ ಮನೆಯವರ ಅಥವಾ ಜಾತಿಯವರ ಒಪ್ಪಿಗೆ ಕಾನೂನಿಗೆ ಬೇಕಿಲ್ಲ. 2018ರ ಮಾರ್ಚ್‌ನಲ್ಲಿ, ಉತ್ತರ ಭಾರತದ ಖಾಪ್ ಎಂಬ ಜಾತಿ ಪಂಚಾಯಿತಿಗಳ ಬಗ್ಗೆ ಶಕ್ತಿ ವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ.

ಸರಿ, ಅಡ್ಡ ಹಾಕುವುದಿಲ್ಲ, ಹೆದರಿಸುವುದಿಲ್ಲ, ಬರೀ ನಿಂತು ಕೇಳುತ್ತಾರೆ ಎಂದೇ ಇಟ್ಟುಕೊಳ್ಳೋಣ. ಅಲ್ಲಿ ಕಾನೂನಿಗೆ ಹಿಡಿತ ಸಿಗುವುದು ಕಷ್ಟ. ಒಪ್ಪುತ್ತೇನೆ. ಈ ಕಷ್ಟ ನಮಗೊಬ್ಬರಿಗೇ ಬಂದದ್ದೂ ಅಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ವುಪ್ಪರ್‌ಟಾಲ್ ನಗರದಲ್ಲಿ ಒಂದಷ್ಟು ಮುಸ್ಲಿಂ ಯುವಕರು "ಶರಿಯಾ ಪೊಲೀಸ್" ಎಂದು ಬರೆದ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಬೀದಿ ಸುತ್ತಿದರು. ಕುಡಿಯಬೇಡಿ, ಜೂಜಿಗೆ ಹೋಗಬೇಡಿ, ಡಿಸ್ಕೊಗೆ ಹೋಗಬೇಡಿ ಎಂದು ಹುಡುಗರಿಗೆ ಹೇಳುತ್ತಿದ್ದರು. ಯಾರಿಗೂ ಹೊಡೆಯಲಿಲ್ಲ. ಒಂದೇ ಬಗೆಯ ಸಮವಸ್ತ್ರ ತೊಟ್ಟು ರಾಜಕೀಯ ಉದ್ದೇಶಕ್ಕೆ ಬೀದಿಗಿಳಿಯುವುದನ್ನು ತಡೆಯುವ ಕಾನೂನು ಅಲ್ಲಿದೆ. ಅದರ ಕೆಳಗೆ ಕೇಸ್ ಆಯಿತು. 2016ರಲ್ಲಿ ಸ್ಥಳೀಯ ಕೋರ್ಟ್ ಎಲ್ಲರನ್ನೂ ಬಿಟ್ಟಿತು. 2018ರ ಜನವರಿಯಲ್ಲಿ ಅಲ್ಲಿನ ಮೇಲಿನ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ದಾರಿಹೋಕರೆಲ್ಲ ಹೆದರಿದರೋ ಇಲ್ಲವೋ ಎಂದು ನೋಡಿದರೆ ಸಾಲದು, ಆ ಜಾಕೆಟ್ ಯಾರನ್ನು ಗುರಿ ಮಾಡಿತ್ತೋ ಆ ಮುಸ್ಲಿಂ ಹುಡುಗ ಹುಡುಗಿಯರ ಮೇಲೆ ಏನು ಪರಿಣಾಮ ಆಗಬಹುದು ಎಂದು ನೋಡಬೇಕಿತ್ತು ಎಂಬುದು ಅದರ ತಕರಾರು. 2019ರಲ್ಲಿ ಏಳು ಜನರಿಗೆ ದಂಡ ಬಿತ್ತು.

ನನಗೆ ಆ ತೀರ್ಪಿನಲ್ಲಿ ಮುಖ್ಯ ಅನ್ನಿಸುವುದು ಇದೇ ಭಾಗ. ಗಸ್ತು ತಿರುಗುವವರು ಬೇರೆಯವರಿಂದ ನಮ್ಮವರನ್ನು ಕಾಯುತ್ತೇವೆ ಎನ್ನುತ್ತಾರೆ. ಭಾರ ಬೀಳುವುದು ಮಾತ್ರ ತಮ್ಮವರ ಮಕ್ಕಳ ಮೇಲೇ, ಅದರಲ್ಲೂ ಹೆಣ್ಣುಮಕ್ಕಳ ಮೇಲೆ. ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ. ಹುಡುಗರು ಫೋನ್ ಮಾಡುವುದು ಯಾರ ಮನೆಗೆ? ಹುಡುಗಿಯ ಮನೆಗೆ. ಮರುದಿನ ಕಾಲೇಜು ಬಿಡುವವಳು ಯಾರು? "ಪುದರ್ ದಾದ, ಇಲ್ಲ್ ಓಲು" (ಹೆಸರೇನು, ಮನೆ ಎಲ್ಲಿ) ಎಂದು ತುಳುವಿನಲ್ಲಿ ಗುಂಪೊಂದು ಸುತ್ತ ನಿಂತು ಕೇಳಿದಾಗ ಅದು ನಮ್ಮೂರಲ್ಲಿ ಪರಿಚಯ ಮಾಡಿಕೊಳ್ಳುವ ಮಾತಾಗಿ ಉಳಿಯುವುದಿಲ್ಲ. ನಿಮ್ಮ ಮಗಳು ಸಹಪಾಠಿಯೊಬ್ಬನ ಜೊತೆ ಬರುವಾಗ, ಅವನ ಧರ್ಮ ಯಾವುದೇ ಇರಲಿ, ಗುರುತಿಲ್ಲದ ಏಳೆಂಟು ಗಂಡಸರು ಅವಳನ್ನು ನಿಲ್ಲಿಸಿ ಮನೆ ನಂಬರ್ ಕೇಳಿದರೆ ನಿಮಗೆ ಧೈರ್ಯ ಅನ್ನಿಸುತ್ತದೆಯೇ? ಇದನ್ನು ವಾದಕ್ಕೆ ಕೇಳುತ್ತಿಲ್ಲ. ನಿಜವಾಗಿಯೂ ಯೋಚಿಸಿ ನೋಡಿ.

ಒಂದೇ ಕಡೆಯವರ ತಪ್ಪು ಬರೆಯುತ್ತೀರಿ ಎಂದಿದ್ದೀರಿ. ಬುರ್ಖಾ ಹಾಕಿದ ಹುಡುಗಿ ಹಿಂದೂ ಗೆಳೆಯನ ಜೊತೆ ಕಂಡಳೆಂದು ಅಡ್ಡಗಟ್ಟಿದ ಮುಸ್ಲಿಂ ಯುವಕರ ಮೇಲೂ ಈ ಜಿಲ್ಲೆಗಳಲ್ಲಿ ಕೇಸುಗಳಾಗಿವೆ. ಅದೂ ಇಷ್ಟೇ ತಪ್ಪು. ಲಂಡನ್ನಿನ ವೈಟ್‌ಚಾಪೆಲ್ ಕಡೆ 2013ರಲ್ಲಿ "ಮುಸ್ಲಿಂ ಪೆಟ್ರೋಲ್" ಎಂದು ಹೇಳಿಕೊಂಡು ದಾರಿಹೋಕರನ್ನು ಬೆದರಿಸಿದವರಲ್ಲಿ ಮೂವರು ಅದೇ ವರ್ಷ ಜೈಲಿಗೆ ಹೋದರು. ಅವರನ್ನು ಖಂಡಿಸಿದವರಲ್ಲಿ ಅಲ್ಲಿನ ದೊಡ್ಡ ಮಸೀದಿಯವರೂ ಇದ್ದರು. ನಮ್ಮಲ್ಲಿ ಎರಡೂ ಕಡೆಯ ಹಿರಿಯರಿಂದ ನನಗೆ ಬೇಕಾಗಿರುವುದು ಅಂಥ ಮಾತು. ಎದುರಿನವರ ಹುಡುಗರನ್ನು ಬೈಯುವುದು ಸುಲಭ, ತಮ್ಮ ಹುಡುಗರಿಗೆ ಬುದ್ಧಿ ಹೇಳುವುದೇ ಕಷ್ಟ.

ಇನ್ನು ಕಾನೂನಿನ ಮಿತಿಯ ವಿಚಾರ. ನೀವು ಹೇಳುವ ಮಿತಿ ಪೊಲೀಸರು ತಡವಾಗಿ ಬರುತ್ತಾರೆ ಎಂಬುದು. ನನ್ನನ್ನು ಕಾಡುವ ಮಿತಿ ಬೇರೆ.

2009ರ ಜನವರಿ 24ರಂದು ಮಂಗಳೂರಿನ ಬಲ್ಮಠದ ಪಬ್ಬಿನಲ್ಲಿ ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 2018ರ ಮಾರ್ಚ್‌ನಲ್ಲಿ ಸಾಕ್ಷ್ಯ ಸಾಲದೆ, ಶ್ರೀರಾಮ ಸೇನೆಯ ಮುಖ್ಯಸ್ಥ ಪ್ರಮೋದ್ ಮುತಾಲಿಕ್ ಸೇರಿದಂತೆ ಆರೋಪಿಗಳು ಖುಲಾಸೆಯಾದರು. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬದ ಪಾರ್ಟಿಗೆ ನುಗ್ಗಿ ಹೊಡೆದರು. ಅದೂ ಟಿವಿಯಲ್ಲಿ ಬಂತು. 2024ರ ಆಗಸ್ಟ್‌ನಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಆ ದೃಶ್ಯ ತೋರಿಸಿದ ವರದಿಗಾರರೇ ತಿಂಗಳುಗಟ್ಟಲೆ ಜೈಲಿನಲ್ಲಿದ್ದರು. ಸಾಕ್ಷ್ಯ ಸಿಗದೆ ಬಿಟ್ಟ ಕೋರ್ಟನ್ನು ನಾನು ದೂರುವುದಿಲ್ಲ. ಟಿವಿಯಲ್ಲಿ ಕಂಡದ್ದು ಸಾಕ್ಷಿಕಟ್ಟೆಗೆ ತಾನಾಗಿ ನಡೆದು ಬರುವುದಿಲ್ಲ. ಏಟು ತಿಂದವರು ಬಂದು ಹೇಳಬೇಕು, ನೋಡಿದವರು ಬಂದು ಗುರುತಿಸಬೇಕು. ಎಷ್ಟೋ ವರ್ಷ ಕಳೆದ ಮೇಲೆ, ಬೇರೆ ಊರಲ್ಲಿ ಮದುವೆಯಾಗಿರುವ ಹೆಣ್ಣುಮಗಳು ಆ ದಿನವನ್ನು ಮತ್ತೆ ಎತ್ತಿಕೊಂಡು ಕೋರ್ಟಿಗೆ ಯಾಕೆ ಬರುತ್ತಾಳೆ?

ಇಂಥ ಸುದ್ದಿ ಪ್ರಕಟವಾದಾಗ ಹುಡುಗಿಯ ಮನೆಯವರು ನಮ್ಮ ಕಚೇರಿಗೆ ಫೋನ್ ಮಾಡುತ್ತಾರೆ. ಹೆಚ್ಚಾಗಿ ಅವರ ಮಾತು ಒಂದೇ. ಹೆಸರು ಹಾಕಬೇಡಿ, ನಮಗೆ ಕೇಸ್ ಬೇಡ. ಅಡ್ಡ ಹಾಕಿದವರಿಗೆ ಇದು ಗೊತ್ತು. ಸಿಗುವ ಶಿಕ್ಷೆಯೂ ಸಣ್ಣದು. 126ಕ್ಕೆ ಒಂದು ತಿಂಗಳ ಜೈಲು ಅಥವಾ 5000 ರೂಪಾಯಿ ದಂಡ, ಇಲ್ಲವೇ ಎರಡೂ. ಜಾಮೀನು ಹಕ್ಕಿನಂತೆ ಸಿಗುತ್ತದೆ. ಸ್ಟೇಷನ್ ಬೇಲ್ ತೆಗೆದುಕೊಂಡು ಬಂದವನಿಗೆ ಊರಲ್ಲಿ ಹಾರ ಹಾಕುವವರೂ ಇದ್ದಾರೆ. ಪೊಲೀಸರು ಮುಚ್ಚಳಿಕೆ ಬರೆಸಿಕೊಳ್ಳಬಹುದು, ಗಡಿಪಾರಿಗೆ ನೋಟಿಸ್ ಕೊಡಬಹುದು. ಅವೆಲ್ಲ ಮೇಲಿನವರ ಮನಸ್ಸು ನೋಡಿಕೊಂಡು ನಡೆಯುತ್ತವೆ. 2021ರ ಅಕ್ಟೋಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮಂಗಳೂರಿನಲ್ಲೇ, ಭಾವನೆಗೆ ಪೆಟ್ಟಾದರೆ ಕ್ರಿಯೆಗೆ ಪ್ರತಿಕ್ರಿಯೆ ಇರುತ್ತದೆ ಎಂಬ ಅರ್ಥದಲ್ಲಿ ಮಾತಾಡಿದರು. ಠಾಣೆಯ ಇನ್‌ಸ್ಪೆಕ್ಟರ್ ಅದನ್ನು ಕೇಳಿ ಏನು ತಿಳಿದುಕೊಳ್ಳಬೇಕು? ಈಗಿನ ಸರ್ಕಾರ 2023ರಲ್ಲಿ ಕೋಮು ವಿರೋಧಿ ದಳ ಮಾಡುತ್ತೇವೆ ಎಂದಿತು. 2025ರ ಜೂನ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಕ್ಕೆ 248 ಸಿಬ್ಬಂದಿಯ ವಿಶೇಷ ಕಾರ್ಯಪಡೆ ಬಂತು. ಬರಲಿ. ಆದರೆ ಹೇಳಿಕೆ ಕೊಡಲು ಬಂದ ಹುಡುಗಿಯನ್ನು, ಅದನ್ನು ಬರೆದುಕೊಳ್ಳುವ ಠಾಣೆಯ ರೈಟರ್ ಹೇಗೆ ಮಾತಾಡಿಸುತ್ತಾನೆ ಎಂಬುದರ ಮೇಲೆ ಕೇಸ್ ನಿಂತಿರುತ್ತದೆ. ಜೋಡಿಯನ್ನೇ ಠಾಣೆಗೆ ಕರೆದೊಯ್ದು, ಹುಡುಗಿಯ ತಂದೆಯನ್ನು ಕರೆಸಿ, ಬುದ್ಧಿ ಹೇಳಿ ಕಳಿಸಿದರೆ ಅಡ್ಡಗಟ್ಟಿದವರ ಕೆಲಸವನ್ನು ಪೊಲೀಸರೇ ಮುಗಿಸಿಕೊಟ್ಟ ಹಾಗಾಯಿತು. ಪೊಲೀಸರು ನೈತಿಕ ಪೊಲೀಸ್‌ಗಿರಿ ಮಾಡಬೇಕಾಗಿಲ್ಲ ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಇನ್ನೊಂದು ಮಾತನ್ನು ಬಿಟ್ಟುಹೋಗುವ ಹಾಗಿಲ್ಲ. ಹೆಸರು ಕೇಳುವ ಗಸ್ತು ಹೆಸರು ಕೇಳುವುದಕ್ಕೇ ನಿಲ್ಲುತ್ತದೆ ಎಂಬ ನಂಬಿಕೆ ನನಗಿಲ್ಲ. ನಮ್ಮ ಜಿಲ್ಲೆಗಳಲ್ಲಿ ದನ ಸಾಗಿಸುವ ಗಾಡಿಗಳನ್ನು ತಡೆಯಲು ಕಾಯುವ ಗಸ್ತು ಎಲ್ಲಿಗೆ ಹೋಯಿತು ನೋಡಿ. 2005ರಲ್ಲಿ ಆದಿಉಡುಪಿಯಲ್ಲಿ ತಂದೆ ಮಗನನ್ನು ಬೆತ್ತಲೆ ಮಾಡಿ ಹೊಡೆದರು. 2016ರ ಆಗಸ್ಟ್‌ನಲ್ಲಿ ಕೆಂಜೂರಿನಲ್ಲಿ ಹೊಡೆತ ತಿಂದು ಸತ್ತವನು ಹಿಂದೂ, ಬಿಜೆಪಿಯ ಕಾರ್ಯಕರ್ತ. 2018ರ ಮೇ ತಿಂಗಳಲ್ಲಿ ಪೆರ್ಡೂರಿನಲ್ಲಿ ದನದ ವ್ಯಾಪಾರಿಯೊಬ್ಬರು ಸತ್ತರು. ಆ ಪ್ರಕರಣದಲ್ಲಿ ಪೊಲೀಸರೂ ಬಂಧನಕ್ಕೊಳಗಾದರು. ಗೋಹತ್ಯೆ ತಡೆಯುವ 2020ರ ಕಾಯ್ದೆ ಕೂಡ ತಪಾಸಣೆ ಮಾಡುವ, ವಶಕ್ಕೆ ಪಡೆಯುವ ಅಧಿಕಾರವನ್ನು ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನ ಪೊಲೀಸರಿಗೆ ಕೊಟ್ಟಿಲ್ಲ. ಕಾನ್‌ಸ್ಟೆಬಲ್‌ಗೇ ಇಲ್ಲದ ಅಧಿಕಾರ ಶಾಲು ಹಾಕಿದವನಿಗೆ ಎಲ್ಲಿಂದ ಬರುತ್ತದೆ? ಸರ್ಕಾರ ಮನಸ್ಸು ಮಾಡಿದರೂ ಹಾಗೆಲ್ಲ ಕೊಡಲಾಗದು. ನಕ್ಸಲರ ವಿರುದ್ಧ, ಸಾಕಷ್ಟು ತರಬೇತಿ ಇಲ್ಲದ ಹುಡುಗರ ಕೈಗೆ ಬಂದೂಕು ಕೊಟ್ಟು ಪೊಲೀಸ್ ಕೆಲಸ ಮಾಡಿಸಿದ ಛತ್ತೀಸ್‌ಗಢದ ಸಲ್ವಾ ಜುಡುಂ ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿತು. ಊರು ಕಾಯುವ ಆಸೆ ಇರುವ ಹುಡುಗರಿಗೆ ಗೃಹರಕ್ಷಕ ದಳ ಇದೆ. ಅಲ್ಲಿ ತರಬೇತಿ ಇದೆ, ಸಮವಸ್ತ್ರ ಇದೆ, ಮೇಲೆ ಉತ್ತರ ಕೇಳುವವರೂ ಇದ್ದಾರೆ.

ಹಾಗಾದರೆ ಮಗಳಿಗೆ ಯಾರು ದಿಕ್ಕು ಎನ್ನುತ್ತೀರಿ. ಯಾರೋ ಒಬ್ಬ ಅವಳ ಹಿಂದೆ ಬೀಳುತ್ತಿದ್ದಾನೆ, ಫೋಟೊ ಇಟ್ಟುಕೊಂಡು ಹೆದರಿಸುತ್ತಿದ್ದಾನೆ ಎಂದಾದರೆ ಅದಕ್ಕೆ ಸ್ಪಷ್ಟ ಕಾನೂನಿದೆ. ಅವನ ಧರ್ಮ ಯಾವುದಾದರೂ ಅದೇ ಕಾನೂನು. 112ಕ್ಕೆ ಫೋನ್ ಮಾಡಬಹುದು. ಹದಿನೆಂಟು ತುಂಬದ ಮಗುವಾದರೆ 1098 ಇದೆ. ಆದರೆ ಅವಳು ಬಂದು ನಿಮ್ಮ ಹತ್ತಿರ ಹೇಳಬೇಕಲ್ಲ. ಬಸ್‌ಸ್ಟ್ಯಾಂಡಿನ ಹುಡುಗರು ಫೋನ್ ಮಾಡುತ್ತಾರೆ, ಅಪ್ಪ ಬಂದು ಎಳೆದುಕೊಂಡು ಹೋಗುತ್ತಾರೆ ಎಂದು ತಿಳಿದಿರುವ ಹುಡುಗಿ ನಿಜವಾದ ಅಪಾಯ ಬಂದಾಗಲೂ ಬಾಯಿ ಬಿಡುವುದಿಲ್ಲ. ಮೋಸಗಾರನಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ನೀವು ಧೈರ್ಯ ಎಂದು ನಂಬಿರುವ ಗಸ್ತು ನಿಮ್ಮ ಮಗಳನ್ನು ನಿಮ್ಮಿಂದಲೇ ದೂರ ಮಾಡುತ್ತಿದೆ ಎಂಬುದೇ ನನ್ನ ದೊಡ್ಡ ಆತಂಕ.

ಕೊನೆಗೆ ನಿಮ್ಮಲ್ಲಿ ಒಂದು ಕೇಳಿಕೆ. ನೀವು ದಿನವೂ ಆ ಬಸ್‌ಸ್ಟ್ಯಾಂಡಿಗೆ ಹೋಗುವವರು. ಆ ಹುಡುಗರನ್ನು ಹೆಸರು ಹಿಡಿದು ಕರೆಯುವಷ್ಟು ಪರಿಚಯ ನಿಮಗಿದೆ ಎಂಬುದು ಪತ್ರದಲ್ಲೇ ಗೊತ್ತಾಗುತ್ತದೆ. ಮುಂದಿನ ಸಲ ಅವರು ಯಾರನ್ನಾದರೂ ಸುತ್ತುಗಟ್ಟಿದಾಗ ಹತ್ತಿರ ಹೋಗಿ, ಬಿಡಿ ಮಕ್ಕಳೇ, ಅವರ ಬಸ್ ಬಂತು ಎಂದು ಹೇಳಿ. ನಿಮ್ಮ ವಯಸ್ಸಿನವರ ಮಾತನ್ನು ಅವರು ತೆಗೆದುಹಾಕಲಿಕ್ಕಿಲ್ಲ. ಕೇಳದೆ ಕೈ ಮಾಡಿದರೆ ನೋಡಿದ್ದನ್ನು ಠಾಣೆಯಲ್ಲಿ ಹೇಳಿ, ಕೋರ್ಟಿಗೆ ಕರೆದಾಗ ಅಲ್ಲೂ ಹೇಳಿ. ಸಾಕ್ಷಿಗಳಿಗೆ ರಕ್ಷಣೆ ಕೊಡುವ ಯೋಜನೆಗೆ 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದೆ, ಹೊಸ ಸುರಕ್ಷಾ ಸಂಹಿತೆಯಲ್ಲೂ ಅದಕ್ಕೆ ಜಾಗವಿದೆ. ಬೆದರಿಕೆ ಬಂದರೆ ಅರ್ಜಿ ಹಾಕಬಹುದು. ಆ ಅರ್ಜಿ ಬರೆಯಲು, ಜೊತೆಗೆ ಬರಲು ವಕೀಲರು ಬೇಕಾದರೆ ನಮ್ಮ ಕಚೇರಿಗೆ ಬನ್ನಿ. ಹುಡುಕಿಕೊಡುವ ಕೆಲಸ ನನ್ನದು.

– ಸಂಪಾದಕ