ಜಪಸರದಲ್ಲಿ ಯೇಸುಸ್ವಾಮಿ ಎಲ್ಲಿ?

ಜಪಸರದಲ್ಲಿ (ಕ್ಯಾಥೋಲಿಕರು ಮಣಿಸರ ಹಿಡಿದು ಮಾಡುವ ಪ್ರಾರ್ಥನೆ) 50ಕ್ಕೂ ಹೆಚ್ಚು ಸಲ ಯೇಸುವಿನ ತಾಯಿ ಮರಿಯಮ್ಮನನ್ನೇ ಕರೆಯುತ್ತೀರಿ, ಯೇಸುವಿಗೆ ಜಾಗ ಎಲ್ಲಿ ಎಂದು ಕೇಳಿದ್ದೀರಿ. ಎಣಿಕೆ ಸರಿಯೇ. ಆದರೆ ಪ್ರತಿ ಹತ್ತು ಮಣಿಗೂ ನಾವು ಧ್ಯಾನಿಸುವುದು ಒಂದೊಂದು ಘಟನೆಯನ್ನು: ಗೋದಲಿಯ ಜನನ, ಗೆತ್ಸೆಮನಿ ತೋಟದ ಸಂಕಟ, ಶಿಲುಬೆ, ಪುನರುತ್ಥಾನ. ಬಹುಪಾಲು ಯೇಸುಸ್ವಾಮಿಯ ಬದುಕೇ. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಇಂಥ ಇನ್ನೂ ಐದು ಘಟನೆಗಳನ್ನು ಸೇರಿಸಿದರು. ಕಾನಾ ಊರಿನ ಮದುವೆ ಅದರಲ್ಲೊಂದು. ಅಲ್ಲಿ ದ್ರಾಕ್ಷಾರಸ ಮುಗಿದಾಗ ತಾಯಿ ಮರಿಯಮ್ಮ ಯೇಸುವಿನ ಬಗ್ಗೆ ಆಳುಗಳಿಗೆ ಹೇಳಿದ್ದು ಇಷ್ಟೇ: ಅವನು ಹೇಳಿದಂತೆ ಮಾಡಿ. ನನಗಂತೂ ಈ ಭಕ್ತಿಯ ತಿರುಳೆಲ್ಲ ಆ ಮಾತಿನಲ್ಲೇ ಇದೆ ಅನಿಸುತ್ತದೆ.

ಹಾಂ, ಮಂಗಳೂರು ಕಡೆ ಮೊಂತಿ ಹಬ್ಬದಲ್ಲಿ, ಅಂದರೆ ಮರಿಯಮ್ಮನ ಹುಟ್ಟುಹಬ್ಬದಲ್ಲಿ, ಮಕ್ಕಳು ಆಕೆಗೆ ಹೂ ಅರ್ಪಿಸುವುದು ಹೊರಗಿನವರಿಗೆ ಆರಾಧನೆಯಂತೆಯೇ ಕಾಣಬಹುದು. ಧರ್ಮಸಭೆಯ ಬೋಧನೆಯಲ್ಲಿ ಆರಾಧನೆ ದೇವರೊಬ್ಬರಿಗೇ. ಮರಿಯಮ್ಮನಲ್ಲಿ ಬೇಡುವುದು, ನಮಗಾಗಿ ಪ್ರಾರ್ಥಿಸಿ ಎಂದು.