ಬಾಲನಟಿಯಾಗಿ ಹೆಸರು ಮಾಡಿ, ಮುಂದೆ ಹೋರಾಟಕ್ಕೆ ಇಳಿದವರು ಯಾರಿದ್ದಾರೆ? ಅವರ ಬದುಕು ಹೇಗಿತ್ತು? ಯಾವ ಸಿನಿಮಾ ಮೊದಲು ನೋಡಲಿ?

ಹೆಸರು ಬೇಕಾದಷ್ಟಿವೆ. ನಾನು ಮಾತ್ರ ಅಮೆರಿಕದ ಪ್ಯಾಟಿ ಡ್ಯೂಕ್ ಹೆಸರು ಹೇಳುತ್ತೇನೆ. ಅವರ ಕಥೆಗೂ ನಮ್ಮ ಮನೆಗೂ ಒಂದು ನಂಟಿದೆ. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಸಾಗರದ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಒಂದು ವರ್ಷ ಏಳನೇ ಕ್ಲಾಸಿನ ಮಕ್ಕಳಿಗೆ ಹೆಲೆನ್ ಕೆಲರ್ ಬಗ್ಗೆ ಹೇಳಬೇಕಿತ್ತು. ಸುಮ್ನೆ ಬಾಯಲ್ಲಿ ಹೇಳಿದರೆ ಸಾಲದು ಅನಿಸಿತು. ಪರಿಚಯದವರ ಹತ್ತಿರ ಪ್ರೊಜೆಕ್ಟರ್ ಇಸಕೊಂಡು ಬಂದು, 1962ರ 'ದಿ ಮಿರಾಕಲ್ ವರ್ಕರ್' ತೋರಿಸಿದೆ. ಹೊರಗೆ ಧೋ ಅಂತ ಆಷಾಢದ ಮಳೆ. ಹೆಂಚಿನ ಮಾಡಿನ ಕೆಳಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಕರೆಂಟ್ ಎರಡು ಸಲ ಹೋಯಿತು, ಮಲೆನಾಡಲ್ವಾ. ಮಕ್ಕಳು ಮಾತ್ರ ಕೂತಲ್ಲಿಂದ ಏಳಲಿಲ್ಲ. ಅದರಲ್ಲಿ ಊಟದ ಮೇಜಿನ ಒಂದು ದೃಶ್ಯವಿದೆ. ಕಣ್ಣು ಕಾಣದ, ಕಿವಿ ಕೇಳದ ಹುಡುಗಿಗೆ ಚಮಚ ಹಿಡಿದು ಊಟ ಮಾಡುವುದನ್ನು ಟೀಚರ್ ಕಲಿಸುತ್ತಾಳೆ. ಕಲಿಸುವುದು ಅಂದರೆ ಇಬ್ಬರಿಗೂ ಕುಸ್ತಿಯೇ. ಎಂಟೊಂಬತ್ತು ನಿಮಿಷ ಮಾತೇ ಇಲ್ಲ. ಮುಗಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಅವಳಿಗೆ ನಿಜವಾಗಲೂ ಕಣ್ಣು ಕಾಣಲ್ವಾ?"

ತೆರೆಯ ಮೇಲೆ ಹೆಲೆನ್ ಆಗಿದ್ದ ಹುಡುಗಿಯೇ ಪ್ಯಾಟಿ ಡ್ಯೂಕ್. ಸಿನಿಮಾಕ್ಕಿಂತ ಮೊದಲು, 1959ರಿಂದ, ಇದೇ ಪಾತ್ರವನ್ನು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಮಾಡುತ್ತಿದ್ದರು. ಏಟು ತಾಗಬಾರದು ಅಂತ ಬಟ್ಟೆಯೊಳಗೆ ಮೆತ್ತೆ ಕಟ್ಟಿಕೊಂಡು ದಿನಾ ಹೊಡೆದಾಟ. 1963ರಲ್ಲಿ ಸಿನಿಮಾಕ್ಕೆ ಪೋಷಕ ನಟಿಯ ಆಸ್ಕರ್ ಬಂತು. ಆಗ ವಯಸ್ಸು 16. ಅಲ್ಲಿಯವರೆಗೆ ಸ್ಪರ್ಧೆಯಲ್ಲಿ ಅಷ್ಟು ಚಿಕ್ಕವರು ಆಸ್ಕರ್ ಗೆದ್ದಿರಲಿಲ್ಲ. ಹೆಚ್ಚಿನವರು ಅವರ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಬೇಕಾದದ್ದು ಇದರ ಹಿಂದಿನದು ಮತ್ತು ಮುಂದಿನದು.

ಹುಟ್ಟಿದ್ದು 1946ರಲ್ಲಿ, ನ್ಯೂಯಾರ್ಕಿನ ಬಡ ಮನೆಯಲ್ಲಿ. ಅಪ್ಪ ಕುಡುಕ. ಅಮ್ಮನಿಗೆ ಖಿನ್ನತೆ. ಮನೆಯಲ್ಲಿ ಇಟ್ಟ ಹೆಸರು ಆ್ಯನಾ ಮರೀ. ಜಾನ್ ರಾಸ್, ಎತೆಲ್ ರಾಸ್ ಅಂತ ಗಂಡ ಹೆಂಡತಿ, ಮಕ್ಕಳಿಗೆ ನಟನೆಯ ಅವಕಾಶ ಹುಡುಕಿಕೊಡುವ ಮ್ಯಾನೇಜರ್‌ಗಳು. ಅವರು ಈ ಮಗುವನ್ನು ತಮ್ಮ ಮನೆಗೆ ಕರೆದುಕೊಂಡರು. ವಯಸ್ಸಿನಲ್ಲಿ ಎರಡು ವರ್ಷ ಕಡಿಮೆ ಹೇಳಿದರು. ಹೆಸರೂ ಬದಲಿಸಿದರು. ಆ್ಯನಾ ಮರೀ ಸತ್ತಳು, ಇನ್ನು ನೀನು ಪ್ಯಾಟಿ ಅಂದರಂತೆ. ಮಗಳನ್ನು ನೋಡಬೇಕಾದರೆ ಅಮ್ಮ ಆ ಮನೆಗೆ ಬಟ್ಟೆ ಒಗೆಯಲು ಬರಬೇಕಿತ್ತು. ಹುಡುಗಿಗೆ ಮದ್ಯ ಕುಡಿಸಿದರು, ಮಾತ್ರೆ ನುಂಗಿಸಿದರು, ಅವಳ ದುಡಿಮೆಯನ್ನು ಹೆಚ್ಚುಕಡಿಮೆ ಪೂರ್ತಿ ತಿಂದು ಮುಗಿಸಿದರು. 1963ರಿಂದ 66ರವರೆಗೆ ಪ್ಯಾಟಿಯದೇ ಹೆಸರಿನ ಟಿವಿ ಧಾರಾವಾಹಿ ಬಂತು. ಒಂದೇ ರೂಪದ ಇಬ್ಬರು ಸೋದರ ಸಂಬಂಧಿ ಹುಡುಗಿಯರು, ಎರಡೂ ಪಾತ್ರ ಇವರದೇ. ನಾನೂ ಒಂದೆರಡು ಕಂತು ನೋಡಿದೆ. ಸಾಧಾರಣ ನಗೆ. ಆದರೆ ಕ್ಯಾಮೆರಾ ಮುಂದೆ ಇಬ್ಬರಾಗಿದ್ದವಳಿಗೆ ಮನೆಯಲ್ಲಿ ತನ್ನ ಹೆಸರೇ ಇರಲಿಲ್ಲವಲ್ಲ ಅಂತ ನೆನಪಾದ ಮೇಲೆ ನಗು ಬರಲಿಲ್ಲ.

ಈಗ ನಮ್ಮ ಮನೆ ವಿಷಯ. ನಮ್ಮ ದೊಡ್ಡಮ್ಮನಿಗೂ ಹೆಸರು ಬದಲಿಸಿದ್ದರು. ಮದುವೆಯಾದ ಮೇಲೆ ಸೊಸೆಗೆ ಹೊಸ ಹೆಸರಿಡುವುದು ಆಗ ನಮ್ಮಲ್ಲಿ ಮಾಮೂಲು. ಕೆಲವು ವರ್ಷ ಅಡಿಕೆ ಸುಲಿಯುವ ಕಾಲದಲ್ಲಿ ದೊಡ್ಡಮ್ಮನಿಗೆ ನಿದ್ದೆಯೇ ಬೇಡ. ಮೆಟ್ಟುಗತ್ತಿ ಮುಂದೆ ಕೂತರೆ ಬೆಳಗಿನ ಜಾವದವರೆಗೂ ಏಳುತ್ತಿರಲಿಲ್ಲ, ಇಬ್ಬರು ಸುಲಿಯುವಷ್ಟನ್ನು ಒಬ್ಬರೇ ಸುಲಿದು ಹಾಕುತ್ತಿದ್ದರು. ಹಾಡು, ಮಾತು, ನಗು. ಸೀರೆ ಹೊತ್ತು ತರುವವನ ಹತ್ತಿರ ಸಾಲಕ್ಕೆ ಎಂಟು ಸೀರೆ. "ಎಂಥ ಗಟ್ಟಿಗಿತ್ತಿ ಸೊಸೆ" ಅಂತ ಊರವರು ಹೊಗಳುತ್ತಿದ್ದರು. ಆಮೇಲೆ ಮೂರು ತಿಂಗಳು ಒಳಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗುವುದು. ಆಗ ಅದೇ ಊರವರು ಚೌಡಿ ಕಾಟ ಅನ್ನುತ್ತಿದ್ದರು. ಕಾಯಿ ಒಡೆಸಿದರು, ಯಂತ್ರ ಕಟ್ಟಿಸಿದರು. ಪೇಟೆಯ ಒಬ್ಬ ಡಾಕ್ಟರು ಬರೀ ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು.

ಪ್ಯಾಟಿ ಡ್ಯೂಕ್ ಬದುಕು ನೋಡಿದರೂ ಅದೇ ಏರು, ಅದೇ ಇಳಿತ. 1970ರಲ್ಲಿ ಆಗಷ್ಟೇ ಗುರುತಾದವನೊಬ್ಬನನ್ನು ಮದುವೆಯಾದರು. ಅದು 13 ದಿನ ಬಾಳಿತು. ಅದೇ ವರ್ಷ ಟಿವಿ ನಟನೆಗೆ ಕೊಡುವ ಎಮ್ಮಿ ಪ್ರಶಸ್ತಿ ಪಡೆಯುವಾಗ ತಾಳಮೇಳ ಇಲ್ಲದ ಮಾತಾಡಿದರು. ಕುಡಿದಿದ್ದಾಳೆ, ನಶೆ ಏರಿದೆ ಅಂತ ಜನ ಆಡಿಕೊಂಡರು. ಸಾಯಲೂ ಯತ್ನಿಸಿದ್ದರು. ತಮಾಷೆ ನೋಡಿ, ಈ ಕಾಯಿಲೆಗೆ ಹಿಡಿಸುವ ಲೀಥಿಯಂ ಔಷಧಿಗೆ ಅಮೆರಿಕ ಸರ್ಕಾರ ಒಪ್ಪಿಗೆ ಕೊಟ್ಟದ್ದೂ 1970ರಲ್ಲೇ. ಅವರಿಗೆ ಅದು ಸಿಗಲು ಇನ್ನೂ 12 ವರ್ಷ ಬೇಕಾಯಿತು. ಇದು ಬೈಪೋಲಾರ್, ಆಗಿನ ಹೆಸರಲ್ಲಿ ಮ್ಯಾನಿಕ್ ಡಿಪ್ರೆಶನ್, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಪೂರ್ತಿ ಕುಸಿಯುವ ಕಾಯಿಲೆ, ಅಂತ 1982ರಲ್ಲಿ ಒಬ್ಬ ಮನೋವೈದ್ಯರು ಹೇಳಿದರು. ಕಾಯಿಲೆಯ ಹೆಸರು ಕೇಳಿ ಅವರಿಗೆ ಹೆದರಿಕೆ ಆಗಲಿಲ್ಲ, ಹೊರೆ ಇಳಿದ ಹಾಗಾಯಿತು. ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ದೊಡ್ಡಮ್ಮನನ್ನು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿ, ಅಲ್ಲಿ ಕಾಯಿಲೆಗೆ ಒಂದು ಹೆಸರು ಸಿಕ್ಕಾಗ ಅವರು ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಇದು ಬೇರೆಯವರಿಗೂ ಬರುತ್ತಾ?"

ಲೀಥಿಯಂ ಅಂದರೆ ಒಂದು ಬಗೆಯ ಉಪ್ಪು. ರಕ್ತದಲ್ಲಿ ಜಾಸ್ತಿಯಾದರೆ ವಿಷ, ಕಡಿಮೆಯಾದರೆ ಕೆಲಸ ಮಾಡುವುದಿಲ್ಲ. ಆಗಾಗ ರಕ್ತ ಪರೀಕ್ಷೆ ಬೇಕು. ಮೂತ್ರಪಿಂಡ, ಥೈರಾಯ್ಡ್ ಮೇಲೂ ಕಣ್ಣಿಡಬೇಕು. ದೊಡ್ಡಮ್ಮ ಇದಕ್ಕೆ "ಉಪ್ಪಿನ ಮಾತ್ರೆ" ಅಂತಲೇ ಹೆಸರಿಟ್ಟರು.

ಹೋರಾಟ ಅಂದ ಕೂಡಲೇ ಮೆರವಣಿಗೆ, ಘೋಷಣೆ ನೆನಪಾಗುತ್ತದೆ. ಇವರ ಹೋರಾಟ ಬಾಯಿ ಬಿಟ್ಟು ಹೇಳಿದ್ದು. 1987ರಲ್ಲಿ ಆತ್ಮಕಥೆ ಬರೆದರು. ಅದರ ಹೆಸರು 'ಕಾಲ್ ಮಿ ಆ್ಯನಾ', ಅಂದರೆ ನನ್ನನ್ನು ಆ್ಯನಾ ಅಂತ ಕರೆಯಿರಿ. ಪ್ರಸಿದ್ಧರಲ್ಲಿ ಹೆಚ್ಚಿನವರು ಇಂಥ ಕಾಯಿಲೆಯನ್ನು ಒಪ್ಪಿಕೊಳ್ಳದ ಕಾಲ ಅದು, ಹೇಳಿದರೆ ಕೆಲಸ ಹೋಗುತ್ತಿತ್ತು. ಆಗಲೇ, 1985ರಿಂದ 88ರವರೆಗೆ, ಅವರು ಅಲ್ಲಿನ ಸಿನಿಮಾ ನಟರ ಸಂಘದ ಅಧ್ಯಕ್ಷೆ. ಆ ಹುದ್ದೆಗೆ ಬಂದ ಎರಡನೇ ಹೆಂಗಸು. ಮುಂದೆ ಊರೂರು ತಿರುಗಿ ಮಾತಾಡಿದರು. ಮನೋರೋಗದ ಚಿಕಿತ್ಸೆಗೆ, ಸಂಶೋಧನೆಗೆ ಹಣ ಕೊಡಿ ಅಂತ ಅಮೆರಿಕದ ಸಂಸತ್ತಿನ ತನಕ ಹೋಗಿ ಕೇಳಿದರು. 2016ರ ಮಾರ್ಚಿನಲ್ಲಿ, 69ನೇ ವಯಸ್ಸಿನಲ್ಲಿ ತೀರಿಕೊಂಡರು. 'ಲಾರ್ಡ್ ಆಫ್ ದಿ ರಿಂಗ್ಸ್' ನೋಡಿದವರಿಗೆ ಅವರ ಮಗ ಗೊತ್ತು, ಸ್ಯಾಮ್ ಪಾತ್ರದ ಶಾನ್ ಆಸ್ಟಿನ್.

ನಿಮ್ಮ ಮನೆಯಲ್ಲೂ ಹೀಗೆ ಒಬ್ಬರಿದ್ದರೆ ನಮ್ಮ ಹಾಗೆ ಹತ್ತು ವರ್ಷ ಕಾಯಬೇಡಿ. ಈಗ 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಸಿನಿಮಾ ಕೇಳಿದಿರಲ್ಲ, ಮೊದಲು 1962ರದ್ದನ್ನೇ ನೋಡಿ. ಕಪ್ಪುಬಿಳುಪು. ಆಮೇಲೆ 1979ರಲ್ಲಿ ಅದೇ ಕಥೆಯನ್ನು ಟಿವಿಗೆ ಮಾಡಿದ್ದನ್ನು ಹುಡುಕಿ. ಅದರಲ್ಲಿ ಪ್ಯಾಟಿ ಡ್ಯೂಕ್ ಹೆಲೆನ್ ಅಲ್ಲ, ಟೀಚರ್. ಅದಕ್ಕೂ ಎಮ್ಮಿ ಬಂತು. ಚಮಚ ಎಸೆಯುತ್ತಿದ್ದವಳು ಈ ಸಲ ಚಮಚ ಹಿಡಿಸುತ್ತಾಳೆ.