ಪೊಟರೆ ಬೇರೆ, ಸಂದು ಬೇರೆ

ಅಕ್ಕಾ, ಹಲಸಿನ ಮರದ ಸಂದಿನಲ್ಲಿ ತುಡುವೆ ಜೇನು ಕೂತಿದೆ, ಸಾಕೋ ಪೆಟ್ಟಿಗೆಗೆ ತರೋದು ಹೇಗೆ ಅಂತ ಕೇಳಿದ್ರಿ. ಒಬ್ಬರು ಅದು ಪೊಟರೆ ಅಂದ್ರು, ಇನ್ನೊಬ್ಬರು ಎರಡೂ ಒಂದೇ ಬಿಡಿ ಅಂದ್ರು. ಒಂದೇ ಅಲ್ಲ, ಜೇನು ಹಿಡಿಯೋರಿಗಂತೂ ಅಲ್ಲವೇ ಅಲ್ಲ.

ಸಂದು ಅಂದ್ರೆ ಎರಡರ ನಡುವಿನ ಜಾಗ. ಬಾಗಿಲ ಸಂದು, ಹಲ್ಲಿನ ಸಂದು, ಪಾಗಾರದ ಕಲ್ಲುಗಳ ಸಂದು. ಒಂದು ಕಲ್ಲು ಎತ್ತಿದ್ರೆ ಸಂದೇ ಇಲ್ಲ. ಪೊಟರೆ ಒಂದೇ ಮರದ ಹೊಟ್ಟೆಯೊಳಗಿನ ಟೊಳ್ಳು. ಕೊಂಬೆ ಮುರಿದಲ್ಲಿ ನೀರಿಳಿದು, ಶಿಲೀಂಧ್ರ ಹತ್ತಿ, ಒಳಗಿನ ಕೆಚ್ಚು ವರ್ಷಗಟ್ಟಲೆ ಕೊಳೆತು ಆಗೋದು. ನೀರು ಸಾಗಿಸೋ ಹೊರಪದರ ಗಟ್ಟಿ ಇರೋದ್ರಿಂದ ಮರ ಹಸಿರಾಗೇ ಇರುತ್ತೆ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. (ಬಿಲ ಮತ್ತೆ ಬೇರೆ, ಅದನ್ನು ಯಾರಾದ್ರೂ ತೋಡಿರಬೇಕು.)

ಹೆಜ್ಜೇನು, ಕೋಲುಜೇನು ಬಯಲಲ್ಲಿ ಒಂದೇ ಎರಿ (ಮೇಣದ ಹಲ್ಲೆ) ಕಟ್ತಾವೆ. ತುಡುವೆಗೆ ಕತ್ತಲೆ ಬೇಕು, ಹಲವು ಎರಿಗಳನ್ನು ಸಾಲಾಗಿ ಇಳಿಬಿಡೋಕೆ ಜಾಗ ಬೇಕು. ಅದಕ್ಕೇ ಪೊಟರೆ, ಹುತ್ತ ಹುಡುಕೋದು. ಆ ಪೊಟರೆಯೊಳಗೆ ಎರಿಗೂ ಎರಿಗೂ ನಡುವೆ ಹುಳ ಓಡಾಡೋಕೆ ಅವೇ ಅಳೆದಂತೆ ಸಂದು ಬಿಡ್ತಾವೆ! ಒಂದು ಸೆಂಟಿಮೀಟರಿಗಿಂತ ತುಸು ಕಡಿಮೆಯ ಈ ಸಂದಿನ ಗುಟ್ಟನ್ನು ಅಮೆರಿಕದ ಜೇನು ಸಾಕಣೆಗಾರ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಪೆಟ್ಟಿಗೆಗೆ ಅಳವಡಿಸಿದ್ದರಿಂದಲೇ ನಾವಿವತ್ತು ಎರಿ ಇರೋ ಚೌಕಟ್ಟನ್ನು, ಅಂದ್ರೆ ಫ್ರೇಮನ್ನು, ಸಲೀಸಾಗಿ ಎತ್ತಿ ನೋಡ್ತಿದ್ದೀವಿ. ಸಂದು ಹೆಚ್ಚಾದ್ರೆ ಅಲ್ಲೂ ಎರಿ ಕಟ್ಟಿ ಅಂಟಿಸಿಬಿಡ್ತಾವೆ.

ಈಗ ನಿಮ್ಮ ಮರ. ಕಾಂಡಕ್ಕೆ ಬೆರಳ ಗೆಣ್ಣಿನಿಂದ ಮೇಲಿಂದ ಕೆಳಗೆ ತಟ್ಟುತ್ತಾ ಬನ್ನಿ. ಡಬ್ ಡಬ್ ಅಂತ ಕೇಳಿದಷ್ಟು ಉದ್ದ ಪೊಟರೆ. ಹುಳ ಸುಮ್ಮನಾಗೋಕೆ ಹಾಕೋ ಹೊಗೆ ತೀರಾ ಕಡಿಮೆ ಸಾಕು. ಸಂದಿನಲ್ಲಾದ್ರೆ ಹೊಗೆ ಆಚೆ ಹೋಗುತ್ತೆ, ಪೊಟರೆಗೆ ಒಂದೇ ಬಾಯಿ, ಒಳಗೇ ನಿಲ್ಲುತ್ತೆ. ಮೊದಲ ವರ್ಷ ನಾನು ಜೋರಾಗಿ ಹೊಗೆ ಹಾಕಿ, ಹುಳ ಎಲ್ಲ ಇನ್ನೂ ಆಳಕ್ಕೆ ಸರಿದು, ರಾಣಿ ಕೈಗೆ ಸಿಗಲೇ ಇಲ್ಲ.

ಬಾಯಿ ಕೈ ಹಿಡಿಯದಷ್ಟು ಚಿಕ್ಕದಿದ್ರೆ ದಯವಿಟ್ಟು ಕೊಡಲಿ ಹಾಕಬೇಡಿ. ಮಂಗಟ್ಟೆಯಂಥ ಹಕ್ಕಿಗೆ ತಾನೇ ಕೊರೆಯೋಕೆ ಬರಲ್ಲ, ಇಂಥ ಹಳೇ ಪೊಟರೆಯೇ ಗತಿ. ಹಿಂಡು ಒಡೆದು ಒಂದು ಪಾಲು ಹೊಸ ಗೂಡು ಹುಡುಕಿ ಹೊರಡೋ ಕಾಲದಲ್ಲಿ ಹತ್ತಿರ ಮೇಣ ಸವರಿದ ಖಾಲಿ ಪೆಟ್ಟಿಗೆ ಇಟ್ಟು ಕಾಯಿರಿ. ಕೈ ಹಿಡಿಯುತ್ತೆ ಅಂದ್ರೆ ಸಂಜೆ ಹೊತ್ತು ಮೊಟ್ಟೆ-ಮರಿ ಇರೋ ಎರಿ ಕೊಯ್ದು, ಮೇಲಿನ ತುದಿ ಮೇಲೇ ಬರುವಂತೆ ಬಾಳೆನಾರಿನಲ್ಲಿ ಫ್ರೇಮಿಗೆ ಕಟ್ಟಿ. ಪೊಟರೆಯ ಬಾಯಿಯ ಫೋಟೋ ಹಾಕಿ, ಯಾವ ದಾರಿ ಅಂತ ಹೇಳ್ತೀನಿ.